ನಮ್ಮ ವರ್ಷ 365 ದಿನ, ಅದರದ್ದು 386: ಎಚ್‌ಡಿ 28185ರ ದೈತ್ಯ ಗ್ರಹ

ಮೊದಲು ಈ ಗ್ರಹ ಸುತ್ತುವ ನಕ್ಷತ್ರವನ್ನು ಹುಡುಕೋಣ. ಜನವರಿ ಮಧ್ಯದಲ್ಲಿ ರಾತ್ರಿ 9ರ ಹೊತ್ತಿಗೆ ಚಿತ್ರದುರ್ಗದ ಆಕಾಶದಲ್ಲಿ ಅದು ದಕ್ಷಿಣಕ್ಕೆ ಸುಮಾರು 65 ಡಿಗ್ರಿ ಎತ್ತರದಲ್ಲಿರುತ್ತದೆ. ಮಹಾವ್ಯಾಧನ ರೈಜೆಲ್‌ನಿಂದ ನೇರ ಪಶ್ಚಿಮಕ್ಕೆ, ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು ಸರಿದರೆ ವೈತರಿಣಿ ಪುಂಜದ ಎರಡು ಮಂಕು ಚುಕ್ಕಿಗಳು ಜೋಡಿಯಾಗಿ ಕಾಣುತ್ತವೆ. ರೈಜೆಲ್ ಕಡೆಗಿರುವುದು 40 ಎರಿಡಾನಿ. 10×50 ಬೈನಾಕ್ಯುಲರ್‌ನಲ್ಲಿ ಅದನ್ನು ನೋಟದ ಬಲ-ಮೇಲಂಚಿಗೆ ತನ್ನಿ. ಅಲ್ಲಿಂದ ಎಡ-ಕೆಳಕ್ಕೆ ನಾಲ್ಕು ಡಿಗ್ರಿ ಆಚೆ ಇರುವುದೇ ಎಚ್‌ಡಿ 28185.

ಕಾಂತಿಮಾನ 7.8 (ಅಂಕಿ ದೊಡ್ಡದಾದಷ್ಟೂ ಚುಕ್ಕಿ ಮಂಕು), ಬರಿಗಣ್ಣಿಗೆ ಸಿಗದು. ಅಷ್ಟೇ ಮಂಕಾದ ಚುಕ್ಕಿಗಳು ಅಕ್ಕಪಕ್ಕದಲ್ಲೂ ಇರುವುದರಿಂದ ಮೊಬೈಲ್ ಆಕಾಶನಕ್ಷೆಯ ಕಾಂತಿಮಾನದ ಮಿತಿಯನ್ನು 9ಕ್ಕೆ ಏರಿಸಿ ತಾಳೆ ನೋಡಿ. ಇಷ್ಟು ಎತ್ತರಕ್ಕೆ ನಿಂತು ನೋಡಿದರೆ ಕೈ ನಡುಗುತ್ತದೆ. ಚಾಪೆ ಹಾಸಿ ಮಲಗಿ, ಮೊಣಕೈಯನ್ನು ಎದೆಗೆ ಆನಿಸಿಕೊಳ್ಳಿ. ದಾವಣಗೆರೆ ಪೇಟೆ ಬೆಳಕಿನಲ್ಲಿ ಇದು ಆಗದ ಕೆಲಸ, ಹಳ್ಳಿ ಹೊಲದ ಬದುವೇ ಸರಿ.

ಗ್ರಹವಂತೂ ಯಾವ ಬೈನಾಕ್ಯುಲರ್‌ಗೂ ಕಾಣದು. ಸುಮಾರು 128 ಜ್ಯೋತಿರ್ವರ್ಷ ದೂರದ ಈ ನಕ್ಷತ್ರ ಹೆಚ್ಚುಕಡಿಮೆ ಸೂರ್ಯನ ತೂಕದ್ದು. ಗ್ರಹದ ತೂಕ ಕನಿಷ್ಠ ಸುಮಾರು 5.8 ಗುರುಗ್ರಹಗಳಷ್ಟು, ಕಕ್ಷೆಯ ದೂರ 1.03 ಖಗೋಳಮಾನ (ಭೂಮಿ-ಸೂರ್ಯರ ಸರಾಸರಿ ದೂರವೇ ಒಂದು ಖಗೋಳಮಾನ). ಅಂದರೆ ಭೂಮಿ ಇರುವ ಜಾಗದಲ್ಲೇ ಒಬ್ಬ ದೈತ್ಯ. 2001ರಲ್ಲಿ ಚಿಲಿಯ ಲಾ ಸಿಯಾದಲ್ಲಿರುವ 1.2 ಮೀಟರಿನ ಸ್ವಿಸ್ ದೂರದರ್ಶಕ ಹಾಗೂ ಅದರ ಕೋರಲಿ ರೋಹಿತಮಾಪಕದಿಂದ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಉಪಕರಣ) ಇದು ಪತ್ತೆಯಾಯಿತು.

ಗ್ರಹದ ಸೆಳೆತಕ್ಕೆ ನಕ್ಷತ್ರ ಸೆಕೆಂಡಿಗೆ ಸುಮಾರು 160 ಮೀಟರ್ ವೇಗದಲ್ಲಿ ಹಿಂದೆ-ಮುಂದೆ ತೂಗಾಡುತ್ತದೆ. ನಕ್ಷತ್ರ ನಮ್ಮತ್ತ ಬಂದಾಗ, ದೂರ ಸರಿದಾಗ ಅದರ ಬೆಳಕಿನ ತರಂಗದುದ್ದ ತುಸು ಬದಲಾಗುತ್ತದೆ. 550 ನ್ಯಾನೋಮೀಟರ್ ತರಂಗದುದ್ದದ ಒಂದು ರೋಹಿತರೇಖೆ (ಬಣ್ಣಗಳ ಪಟ್ಟಿಯಲ್ಲಿ ಕಾಣುವ ಕಪ್ಪು ಗೆರೆ) ಇದರಿಂದ ಸರಿಯುವುದು 0.0003 ನ್ಯಾನೋಮೀಟರ್, ರೇಖೆಯ ಸ್ವಂತ ಅಗಲಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಹಾಗಾಗಿ ಸಾವಿರಾರು ರೇಖೆಗಳನ್ನು ಒಟ್ಟಿಗೆ ಹೋಲಿಸಬೇಕು, ಪಕ್ಕದಲ್ಲೇ ಥೋರಿಯಂ ದೀಪದ ರೇಖೆಗಳನ್ನೂ ದಾಖಲಿಸಿ ಉಪಕರಣ ಎಷ್ಟು ಜಾರಿತೆಂದು ಕಳೆಯಬೇಕು.

ನಿಜವಾದ ಪೇಚು ಬೇರೆ. ಸೂರ್ಯನನ್ನು ಸುತ್ತುವ ನಮ್ಮ ಭೂಮಿಯೇ ಈ ನಕ್ಷತ್ರದ ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 25 ಕಿಲೋಮೀಟರ್ ವರೆಗೆ ಹತ್ತಿರ ಬರುತ್ತದೆ, ದೂರ ಹೋಗುತ್ತದೆ. ಹುಡುಕುತ್ತಿರುವ ಸದ್ದಿನ ನೂರೈವತ್ತು ಪಟ್ಟು ಗದ್ದಲ ಇದು, ಅವಧಿಯೂ ಒಂದು ವರ್ಷವೇ! ಕಳೆಯುವಾಗ ಒಂದಿಷ್ಟು ಉಳಿದುಹೋದರೆ ಅದು 365 ದಿನದ ಸುಳ್ಳು ಗ್ರಹದಂತೆ ಕಾಣುತ್ತದೆ. 386 ದಿನದ ಗ್ರಹವನ್ನು ನಂಬಬೇಕಾದರೆ ಆ 21 ದಿನದ ವ್ಯತ್ಯಾಸ ಸ್ಪಷ್ಟವಾಗಿ ಬೇರೆಯಾಗುವವರೆಗೂ ಕಾಯಬೇಕು. ಜೊತೆಗೆ, ಮೇ ಕೊನೆಯಲ್ಲಿ ಸೂರ್ಯ ಈ ಭಾಗಕ್ಕೆ ಬರುವುದರಿಂದ ವರ್ಷಕ್ಕೆ ಸುಮಾರು ಮೂರು ತಿಂಗಳು ಅಳತೆಯೇ ಇಲ್ಲ. ಖಾಲಿ ಉಳಿಯುವ ಕಕ್ಷೆಯ ಭಾಗ ವರ್ಷಕ್ಕೆ 21 ದಿನದಂತೆ ಮಾತ್ರ ಸರಿಯುತ್ತದೆ. ಅದನ್ನು ತುಂಬಿಸಲು ನಾಲ್ಕೈದು ವರ್ಷ ಬೇಕು.

ತೂಕದ ಮುಂದಿರುವ ‘ಕನಿಷ್ಠ’ವನ್ನು ಓದುವಾಗ ನುಂಗಬೇಡಿ. ಕಕ್ಷೆ ನಮ್ಮತ್ತ ಅಂಚು ತಿರುಗಿಸಿದ್ದರೆ ಮಾತ್ರ ಅದು ಸರಿ. ಆ ನಿಲುವಿನಿಂದ 60 ಡಿಗ್ರಿ ಓರೆಯಿದ್ದರೆ ತೂಕ ಎರಡು ಪಟ್ಟು. ಗ್ರಹ ನಕ್ಷತ್ರದ ಮುಂದೆ ಹಾದು ಹೋಗಿ ಇದನ್ನು ಬಗೆಹರಿಸುವ ಸಾಧ್ಯತೆ ಇನ್ನೂರಕ್ಕೆ ಒಂದು.

ನೀರು ದ್ರವವಾಗಿಯೇ ಉಳಿಯಬಲ್ಲ ವಾಸಯೋಗ್ಯ ವಲಯದಲ್ಲಿ ಈ ಗ್ರಹವಿದೆ ಅಂದಮಾತ್ರಕ್ಕೆ ಅಲ್ಲಿ ಕಾಲೂರಲು ನೆಲವಿಲ್ಲ, ಇದು ಅನಿಲದ ಗ್ರಹ. ಆಸೆಯಿದ್ದರೆ ಚಂದ್ರಗಳ ಮೇಲೆ. ಅದರ ಸೆಳೆತ ಸುಮಾರು ಒಂಬತ್ತು ಮಿಲಿಯ ಕಿಲೋಮೀಟರ್ ದೂರದವರೆಗೂ ಚಂದ್ರಗಳನ್ನು ಹಿಡಿದಿಡಬಲ್ಲದು. ಗುರುವಿನ ದೊಡ್ಡ ಚಂದ್ರಗಳಲ್ಲೊಂದಾದ ಕ್ಯಾಲಿಸ್ಟೋ ಇರುವುದು 1.9 ಮಿಲಿಯ ಕಿಲೋಮೀಟರ್‌ನಲ್ಲಿ. ಗುರು-ಶನಿಗಳಲ್ಲಿ ಎಲ್ಲ ಚಂದ್ರಗಳು ಸೇರಿ ಗ್ರಹದ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ತೂಗುತ್ತವೆ. ಅದೇ ಲೆಕ್ಕ ಇಲ್ಲೂ ನಡೆದು, ಆ ಪಾಲು ಒಂದೇ ಚಂದ್ರನಿಗೆ ಸೇರಿದರೆ ಅದು ಮಂಗಳಕ್ಕಿಂತ ದಪ್ಪ. ಆದರೆ ಅಲ್ಲಿ ಒಂದು ಚಂದ್ರವೂ ಇದುವರೆಗೆ ಸಿಕ್ಕಿಲ್ಲ.