‘ಹುಡುಗ ಪಕ್ವವಾಗಿದ್ದಾನೆಯೇ?’ ಎಂದು ಕೇಳುವವರಿಗೆ

ಮಂಗಳೂರಿನಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುವ ನನ್ನನ್ನು ಜನರು ಮದುವೆ ಊಟದ ಪಂಕ್ತಿಯಲ್ಲಿಯೂ ಬಿಡದೆ ಕೇಳುವ ಪ್ರಶ್ನೆಯೊಂದಿದೆ: ಒಬ್ಬ ವ್ಯಕ್ತಿ ಭಾವನಾತ್ಮಕವಾಗಿ ಪಕ್ವವಾಗಿದ್ದಾನೆಂದು ತಿಳಿಯುವುದು ಹೇಗೆ? ಕೇಳುವವರು ಬಹುಮಟ್ಟಿಗೆ ಮಕ್ಕಳಿಗೆ ಸಂಬಂಧ ನೋಡುತ್ತಿರುವ ತಂದೆತಾಯಂದಿರು. ಜಾತಕ, ಉದ್ಯೋಗ, ಮನೆತನವನ್ನೆಲ್ಲ ವಿಚಾರಿಸಿದ ಮೇಲೂ ಉಳಿಯುವ ಅಳುಕು ಇದು. ಉತ್ತರವನ್ನೂ ಅವರೇ ತಂದಿರುತ್ತಾರೆ: ‘ಹುಡುಗ ತುಂಬ ಶಾಂತ, ಸಿಟ್ಟೇ ಬರುವುದಿಲ್ಲವಂತೆ.’

ಆ ಉತ್ತರವನ್ನು ನಾನು ಒಪ್ಪುವುದಿಲ್ಲ. ಭಾವನೆಯನ್ನು ಮುಖದಲ್ಲಿ ತೋರಗೊಡದಿರುವುದು ಮತ್ತು ಅದನ್ನು ನಿಭಾಯಿಸುವುದು ಬೇರೆಬೇರೆ ಸಂಗತಿಗಳು. ಮನೋವಿಜ್ಞಾನಿ ಜೇಮ್ಸ್ ಗ್ರಾಸ್ 1990ರ ದಶಕದಿಂದ ನಡೆಸಿದ ಪ್ರಯೋಗಗಳಲ್ಲಿ, ಅಸಹ್ಯ ಹುಟ್ಟಿಸುವ ದೃಶ್ಯಗಳನ್ನು ನೋಡುತ್ತ ಮುಖಭಾವವನ್ನು ಅದುಮಿಟ್ಟವರಿಗೆ ಒಳಗಿನ ಅಸಹ್ಯ ಕಡಿಮೆಯಾಗಲಿಲ್ಲ. ಬದಲಿಗೆ ದೇಹದ ಒತ್ತಡದ ಲಕ್ಷಣಗಳು ಹೆಚ್ಚಿದವು. 2003ರಲ್ಲಿ ಎಮಿಲಿ ಬಟ್ಲರ್ ಮತ್ತು ಸಂಗಡಿಗರು ತೋರಿಸಿದ್ದು ಇನ್ನೂ ಗಮನಾರ್ಹ: ಭಾವನೆಯನ್ನು ಅದುಮಿಟ್ಟು ಮಾತನಾಡುವವರ ಎದುರು ಕುಳಿತವರ ರಕ್ತದೊತ್ತಡವೂ ಏರಿತ್ತು. ಆದರೆ ಅದೇ ತಂಡದ 2007ರ ಅಧ್ಯಯನದಲ್ಲಿ, ಏಷ್ಯಾದ ಮೌಲ್ಯಗಳನ್ನು ಮೈಗೂಡಿಸಿಕೊಂಡವರಲ್ಲಿ ಭಾವನೆಯನ್ನು ಅದುಮಿಡುವುದರ ದುಷ್ಪರಿಣಾಮಗಳು ಕಡಿಮೆ ಕಂಡುಬಂದವು. ಹಿರಿಯರ ಮುಂದೆ ಗೌರವಕ್ಕಾಗಿ ಮಾತು ತಡೆಹಿಡಿಯುವ ನಮ್ಮ ರೂಢಿಯನ್ನು ದೋಷವೆಂದು ಎಣಿಸಬೇಕಾಗಿಲ್ಲ ಎಂದೇ ನಾನು ಇದನ್ನು ಓದುತ್ತೇನೆ.

ನನ್ನ ಆಕ್ಷೇಪ ಇರುವುದು ಶಿಕ್ಷೆಯಾಗಿ ಬಳಕೆಯಾಗುವ ಮೌನದ ಬಗ್ಗೆ. ಹೆಂಡತಿ ಒಂದು ವಿಷಯಕ್ಕೆ ಒಪ್ಪಲಿಲ್ಲವೆಂದು ವಾರಗಟ್ಟಲೆ ಮಾತು ಬಿಟ್ಟು, ಒಂದೇ ಮೇಜಿನಲ್ಲಿ ಊಟಕ್ಕೆ ಕುಳಿತಾಗಲೂ ‘ಅಮ್ಮನಿಗೆ ಹೇಳು, ಸಾರು ಬೇಕಂತೆ’ ಎಂದು ಮಗುವಿನ ಮೂಲಕ ವ್ಯವಹರಿಸುವ ಗಂಡಸನ್ನು ನೆರೆಹೊರೆಯವರು ಸೌಮ್ಯ ಸ್ವಭಾವದವನೆಂದೇ ಬಲ್ಲರು, ಏಕೆಂದರೆ ಅವನ ದನಿ ಒಮ್ಮೆಯೂ ಕಾಂಪೌಂಡು ದಾಟಿಲ್ಲ. (ಕೂಗಾಡುವವನಿಗೂ ನಮ್ಮಲ್ಲಿ ರಿಯಾಯಿತಿ ಉಂಟು: ‘ಸಿಟ್ಟು ಜಾಸ್ತಿ, ಮನಸ್ಸು ಮಾತ್ರ ಬೆಣ್ಣೆ.’) ತನಗಾದ ನಿರಾಸೆಯ ಬೆಲೆಯನ್ನು ಮನೆಯವರಿಂದ ವಸೂಲು ಮಾಡುವುದರಲ್ಲಿ ಇವರಿಬ್ಬರಿಗೂ ವ್ಯತ್ಯಾಸವಿಲ್ಲ.

ಆದ್ದರಿಂದ ನಾನು ನೋಡುವುದು ಒಂದೇ ಅಂಶವನ್ನು: ‘ಆಗುವುದಿಲ್ಲ’ ಎಂಬ ಮಾತು ಕಿವಿಗೆ ಬಿದ್ದಾಗ ಈ ವ್ಯಕ್ತಿ ಏನು ಮಾಡುತ್ತಾನೆ? ತಂಗಿ ಜಾಗದ ಪಾಲು ಕೇಳಿದಾಗ, ಮಗಳು ತಂದೆ ಆರಿಸಿದ ಕೋರ್ಸು ಬೇಡವೆಂದಾಗ, ನೋವಾಗುವುದು ಸಹಜ; ‘ನನಗೆ ಇದರಿಂದ ಬೇಸರವಾಗಿದೆ, ನಾಳೆ ಮಾತನಾಡೋಣ’ ಎಂದು ಹೇಳಿ ಮರುದಿನ ನಿಜಕ್ಕೂ ಮಾತಿಗೆ ಕುಳಿತುಕೊಳ್ಳುವವನಿಗೆ, ಮತ್ತು ಮಾತು ಮಿತಿಮೀರಿದ್ದರೆ ‘ಆದರೆ’ ಸೇರಿಸದೆ ಕ್ಷಮೆ ಕೇಳುವವನಿಗೆ, ಹಾಗೆ ಮಾಡಲಾಗದವನಲ್ಲಿಲ್ಲದ ಒಂದು ಶಕ್ತಿ ಇದೆ; ನಾನು ಪಕ್ವತೆ ಎನ್ನುವುದು ಅದನ್ನೇ.

ಇದರ ಮಾದರಿ, ಯಕ್ಷಗಾನದ ಪ್ರಸಂಗವನ್ನು ಕುಳಿತು ಮಾತಿನಲ್ಲಿಯೇ ನಡೆಸುವ ತಾಳಮದ್ದಳೆಯಲ್ಲಿ ಸಿಗುತ್ತದೆ. ವೇಷವಿಲ್ಲದೆ, ಸ್ಥಳದಲ್ಲಿಯೇ ಮಾತು ಕಟ್ಟುವ ಅರ್ಥಧಾರಿ ಕೌರವನ ಕ್ರೋಧವನ್ನು ಪೂರ್ತಿಯಾಗಿ ಆಡಬೇಕು. ಆದರೂ ಎದುರಾಳಿಯ ವಾದವನ್ನು ಕೊನೆಯವರೆಗೆ ಕೇಳಿ, ಅದಕ್ಕೇ ಉತ್ತರ ಕೊಡಬೇಕು. ಕಿರಿಯ ಕಲಾವಿದನ ಒಂದು ಒಳ್ಳೆಯ ಪ್ರಶ್ನೆಯನ್ನು ಸಹಿಸಲಾಗದೆ ಮಾತಿನಲ್ಲಿ ಅವನನ್ನು ಹಣಿಯಲು ಹೊರಟ ಹಿರಿಯರಿಂದ ಪ್ರಸಂಗವೇ ಕೆಡುತ್ತದೆಂಬುದನ್ನು ಪ್ರೇಕ್ಷಕರು ತಕ್ಷಣ ಗುರುತಿಸುತ್ತಾರೆ. ಸಭೆಯಲ್ಲಿ ಇಷ್ಟು ಚೆನ್ನಾಗಿ ಗುರುತಿಸುವ ನಾವು ಮನೆಯಲ್ಲಿ ಏಕೆ ಗುರುತಿಸುವುದಿಲ್ಲವೋ!

ವಯಸ್ಸಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಆವೇಗವನ್ನು ತಡೆಯಲು ನೆರವಾಗುವ ಮಿದುಳಿನ ಮುಂಭಾಗ ಸುಮಾರು 25ರ ವಯಸ್ಸಿನವರೆಗೂ ಬೆಳೆಯುತ್ತಿರುತ್ತದೆ ಎಂಬುದು ನಿಜ. ಉಳಿದದ್ದು ಅಭ್ಯಾಸದಿಂದ ಬರಬೇಕು, ಅರುವತ್ತರಲ್ಲಿಯೂ ಬಾರದವರಿದ್ದಾರೆ.

ಇಷ್ಟು ಹೇಳಿದಾಗ ‘ಹಾಗಾದರೆ ಮದುವೆಗೆ ಮುಂಚೆ ಜಗಳ ಮಾಡಿಸಬೇಕೇ ಮೇಡಂ?’ ಎಂದು ಕೇಳುವವರಿದ್ದಾರೆ. ಮಾಡಿಸಬೇಕಾಗಿಲ್ಲ. ಹಾಲ್ ಯಾವುದು, ಖರ್ಚು ಯಾರದು, ಮದುವೆಯ ನಂತರ ಹುಡುಗಿಯ ಕೆಲಸ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಎಂಬ ಚರ್ಚೆಯಲ್ಲಿ ಭಿನ್ನಾಭಿಪ್ರಾಯ ತಾನಾಗಿಯೇ ಬರುತ್ತದೆ. ಆಗ ಹಿರಿಯರಷ್ಟೇ ಕುಳಿತು ತೀರ್ಮಾನಿಸದೆ, ಹುಡುಗ ಹುಡುಗಿ ಇಬ್ಬರನ್ನೂ ಅಲ್ಲಿಯೇ ಕೂರಿಸಿ, ಅವರೇ ಮಾತನಾಡಲಿ.