ಸೊಂಟ ಎಲ್ಲಿದೆ? ಗೋಡೆಪಟದ ಮೂರನೆಯ ಕರಡು

ಭಾನುವಾರ ಬೆಳಿಗ್ಗೆ ಭಾವ 40 ಕೆ.ಜಿ. ಡೆಡ್‌ಲಿಫ್ಟ್ ಮಾಡಿದರು, ಅಂದರೆ ನೆಲದ ಮೇಲಿರುವ ಭಾರದ ಸರಳನ್ನು ಹಿಡಿದು ನೆಟ್ಟಗೆ ಎದ್ದು ನಿಂತರು. ಐದು ಸಲ ಎತ್ತಿದರು, ಐದು ಸಲವೂ ಬೆನ್ನು ಹಲಗೆಯಂತೆ ನಿಂತಿತ್ತು. ನಾನು ಕಾರ್ ಶೆಡ್ಡಿನಲ್ಲಿ ಕುಣಿದಾಡಿದೆ. ಭಾರ ದೊಡ್ಡದೇನೂ ಆಗಿರಲಿಲ್ಲ, ಅವರ ತೊಡೆಗಳು ಇದರ ಎರಡರಷ್ಟನ್ನು ತಾಳುತ್ತವೆ. ಏಳು ವಾರ ನಮ್ಮನ್ನು ತಡೆದು ನಿಲ್ಲಿಸಿದ್ದು ಒಂದು ಪದ: ಸೊಂಟ.

ಹಿಡಿತ, ಉಸಿರು, ಪಾದಗಳ ಅಂತರ ನಿಮಗೆಲ್ಲ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. ನೇರವಾಗಿ ಹಿಪ್ ಹಿಂಜ್‌ಗೆ, ಅಂದರೆ ಬೆನ್ನು ನೆಟ್ಟಗಿಟ್ಟುಕೊಂಡೇ ಮೈಯನ್ನು ಮುಂದಕ್ಕೆ ಒಯ್ಯುವ ಚಲನೆಗೆ ಬರುತ್ತೇನೆ. ಶೆಡ್ಡಿನ ಗೋಡೆಗೆ ಸ್ನಾಯು, ಕೀಲು, ಚಲನೆಗಳ ಹೆಸರಿರುವ ಕನ್ನಡ ಪಟವೊಂದನ್ನು ಮಾಡುತ್ತಿದ್ದೇನೆ, ಅದರ ಮೊದಲ ಕರಡಿನಲ್ಲಿ ಹಿಂಜ್ ಎಂಬುದಕ್ಕೆ "ಸೊಂಟ ಬಗ್ಗಿಸುವುದು" ಎಂದು ಬರೆದಿದ್ದೆ.

"ಭಾವ, ಸೊಂಟ ಬಗ್ಗಿಸಿ" ಎಂದೆ. ನೆಲಕ್ಕೆ ಬಿದ್ದ ನಾಣ್ಯವನ್ನು ಎತ್ತಿಕೊಳ್ಳುವವರಂತೆ ಬಗ್ಗಿದರು. ಬೆನ್ನು ಕಮಾನಾಯಿತು. "ಹಾಗಲ್ಲ ಭಾವ, ಸೊಂಟ!"

"ಮತ್ತೆ ಇದೇನು, ಮೊಣಕಾಲೇನೋ?" ಎಂದು ಉಡಿದಾರದ ಮೇಲೆ ಕೈಯಿಟ್ಟು ತೋರಿಸಿದರು.

ಅವರು ಹೇಳಿದ್ದೇ ಸರಿ. ಉಡಿದಾರ ಕಟ್ಟುವುದು ಸೊಂಟಕ್ಕೆ, ಡಾಬು ತೊಡುವುದು ಸೊಂಟಕ್ಕೆ, ಸೊಂಟನೋವು ಎಂದರೆ ಕೆಳಬೆನ್ನಿನ ನೋವು. ಅಲ್ಲಿ ಒಳಗಿರುವುದು ಬೆನ್ನುಮೂಳೆಯ ಐದು ಬಿಡಿಮೂಳೆಗಳು, ಅಂದರೆ ಕಶೇರುಗಳು. ಭಾರ ಎತ್ತುವಾಗ ಅಲುಗದೆ ನಿಲ್ಲಬೇಕಾದ ಜಾಗವೇ ಅದು. ತಿರುಗಬೇಕಾದದ್ದು ಅದಕ್ಕಿಂತ ಕೆಳಗೆ, ತೊಡೆಮೂಳೆಯ ಗುಂಡುತಲೆ ಶ್ರೋಣಿಯ (ಕಿಬ್ಬೊಟ್ಟೆಯ ಕೆಳಗಿನ ಮೂಳೆಕಟ್ಟಿನ) ಬಟ್ಟಲಿನೊಳಗೆ ಕುಳಿತಿರುವ ಕೀಲು. ಪತ್ರಿಕೆಗಳು ಅದನ್ನೂ "ಸೊಂಟದ ಕೀಲು" ಎಂದೇ ಬರೆಯುತ್ತವೆ. ಒಂದೇ ಪದ ಎರಡು ಜಾಗಗಳನ್ನು ಹೊತ್ತುಕೊಂಡಿದೆ, ಮತ್ತು ಆ ಎರಡು ಜಾಗಗಳು ಮಾಡಬೇಕಾದ ಕೆಲಸ ಒಂದಕ್ಕೊಂದು ತದ್ವಿರುದ್ಧ!

ಬೇರೆ ಪದ ಹುಡುಕಿದೆ. ನಡು, ಟೊಂಕ, ಕಟಿ ಎಲ್ಲವೂ ಉಡಿದಾರದ ಸುತ್ತಲೇ ಸುತ್ತುತ್ತವೆ. ಚಪ್ಪೆ ಎಂಬ ಪದ ಹತ್ತಿರ ಬಂತು, ಆದರೆ ನಮ್ಮ ಜೊತೆ ಅಭ್ಯಾಸ ಮಾಡುವ ಉಡುಪಿಯ ಗೆಳೆಯನಿಗೆ ಚಪ್ಪೆ ಎಂದರೆ ಉಪ್ಪಿಲ್ಲದ ಸಾರು. ಅವನು ಬಿದ್ದು ಬಿದ್ದು ನಕ್ಕ. "ಪೃಷ್ಠವನ್ನು ಹಿಂದಕ್ಕೆ ತಳ್ಳಿ" ಎಂದು ಎರಡನೆಯ ಕರಡಿನಲ್ಲಿ ಬರೆದೆ. ಭಾವ ಮೊಣಕಾಲು ಮಡಚಿ ಬಸ್ಕಿ ಹೊಡೆದರು. ಬೆನ್ನಿಗೆ ಕೋಲು ಹಿಡಿಸಿ ತಲೆಯ ಹಿಂಭಾಗ, ಹೆಗಲಮೂಳೆಗಳ ನಡುವೆ, ಬಾಲಮೂಳೆಯ ಮೇಲೆ, ಹೀಗೆ ಮೂರು ಕಡೆ ತಾಗಿರುವಂತೆ ಮಾಡಿಸಿದೆ. ಕೋಲಿರುವವರೆಗೆ ಚೆನ್ನಾಗಿ ಮಾಡಿದರು. ಕೋಲು ಕೆಳಗಿಟ್ಟರೆ ಮತ್ತೆ ಕಮಾನು.

ಇದರ ನಡುವೆ ಸರಳಿನ ಎರಡು ತುದಿಗೆ ಹಾಕುವ ಭಾರದ ಪ್ಲೇಟುಗಳ ಕಾಟ. ಎರಕದ ಕಬ್ಬಿಣ ಎಂದು ಹೇಳಿ ದುಡ್ಡು ತೆಗೆದುಕೊಂಡವರು ಕಳುಹಿಸಿದ್ದು ಸಿಮೆಂಟು ತುಂಬಿದ ಪ್ಲಾಸ್ಟಿಕ್. ಒಂದರ ಅಂಚಿನಿಂದ ಪುಡಿ ಉದುರುತ್ತಿದೆ. ಬದಲಾಯಿಸಿ ಕೊಡಿ ಎಂದು ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ "ನಾಳೆ". ಸಿಟ್ಟು ಬಂದದ್ದು ಅದಕ್ಕಿಂತ ಅಳತೆಗೆ. ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 450 ಮಿ.ಮೀ., ಅಂದರೆ ಸರಳಿನ ನಡುಮಧ್ಯ ನೆಲದಿಂದ 225 ಮಿ.ಮೀ. ಮೇಲಿರುತ್ತದೆ. ನಮ್ಮ ಪ್ಲೇಟಿನ ವ್ಯಾಸ 290. ಸರಳು 80 ಮಿ.ಮೀ. ಕೆಳಗಿಳಿದು ಕೂತಿತ್ತು. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ಕುಳಿತುಕೊಳ್ಳುವ ಮೂಳೆಯಿಂದ ಹೊರಟು ಮೊಣಕಾಲನ್ನು ದಾಟುತ್ತವಲ್ಲ, ಬಿಗಿಯಾಗಿರುವವರು ಅಷ್ಟು ಕೆಳಗೆ ಹೋದರೆ ಅವು ಶ್ರೋಣಿಯನ್ನು ಹಿಡಿದು ಎಳೆಯುತ್ತವೆ, ಬೆನ್ನು ತಾನಾಗಿಯೇ ಗುಂಡಗಾಗುತ್ತದೆ. ಇಪ್ಪತ್ತು ವರ್ಷ ಕಚೇರಿಯ ಕುರ್ಚಿಯಲ್ಲಿ ಕೂತ ಭಾವನಿಗೆ ಅದೇ ಆಗುತ್ತಿತ್ತು. ಎರಡೂ ಬದಿಯ ಪ್ಲೇಟಿನ ಕೆಳಗೆ 75 ಮಿ.ಮೀ. ಇಟ್ಟಿಗೆ ಇಟ್ಟೆ, ಮೇಲೆ 5 ಮಿ.ಮೀ. ರಬ್ಬರ್ ಚಾಪೆ. ಲೆಕ್ಕ ಸರಿಹೋಯಿತು.

ಆದರೂ ಪದ ಸಿಕ್ಕಿರಲಿಲ್ಲ. ಕಳೆದ ಬುಧವಾರ ರಾತ್ರಿ ಊಟವಾದ ಮೇಲೆ ಭಾವ ಜಗಲಿಯಲ್ಲಿ ಕೂತು ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ನೋಡುತ್ತಿದ್ದಂತೆ ಹೊಳೆಯಿತು. ಅಡಕತ್ತರಿಯ ಅಲಗು ಎಂದೂ ಬಾಗುವುದಿಲ್ಲ, ಮೊಳೆಯಿರುವಲ್ಲಿ ಮಡಚುತ್ತದೆ. ಬಾಗುವುದು ಬೇರೆ, ಮಡಚುವುದು ಬೇರೆ! ಪಠ್ಯಗಳು ಎರಡಕ್ಕೂ ಫ್ಲೆಕ್ಷನ್ ಎನ್ನುತ್ತವೆ, ಯಾವ ಕೀಲು ಎಂದು ಪಕ್ಕದಲ್ಲಿ ಹೇಳಿ ಪಾರಾಗುತ್ತವೆ. ನಾನು ಎರಡಕ್ಕೂ "ಬಗ್ಗು" ಎಂದು ಬರೆದು ಅವರನ್ನು ದಾರಿ ತಪ್ಪಿಸಿದ್ದೆ.

"ಭಾವ, ಎದ್ದು ನಿಲ್ಲಿ. ಉಡಿದಾರದಿಂದ ಒಂದು ಚೋಟು ಕೆಳಗೆ, ತೊಡೆಸಂದಿಗೆ ಅಂಗೈಯ ಅಂಚನ್ನು ಇಡಿ. ಬಗ್ಗಬೇಡಿ. ಆ ಕೈಯನ್ನು ಅಡಕತ್ತರಿಯ ಹಾಗೆ ಮಡಿಕೆಯಲ್ಲಿ ಕಚ್ಚಿ ಹಿಡಿಯಿರಿ."

ಕಚ್ಚಿ ಹಿಡಿದರು. ಮೊಣಕಾಲು ಚೂರೇ ಸಡಿಲವಾಯಿತು, ಕಣಕಾಲು ನೆಟ್ಟಗೆ ನಿಂತಿತು, ಹಿಂಭಾಗ ತಾನಾಗಿ ಹಿಂದೆ ಹೋಯಿತು. ಬೆನ್ನು ಹಲಗೆ! ಕೋಲಿಲ್ಲ, ಕನ್ನಡಿಯಿಲ್ಲ. "ಅಯ್ಯೋ, ತೊಡೆಯ ಹಿಂದೆ ಜಗ್ಗುತ್ತಿದೆಯಲ್ಲೋ" ಎಂದರು. ಏಳು ವಾರದಲ್ಲಿ ಕೇಳಿದ ಅತ್ಯಂತ ಸಿಹಿಯಾದ ದೂರು.

ಮೂರನೆಯ ಕರಡಿನಲ್ಲಿ ಬೆನ್ನಿನ ಚಿತ್ರದ ಪಕ್ಕ "ಬಾಗು", ಕೀಲುಗಳ ಪಕ್ಕ "ಮಡಚು" ಎಂದೇ ಬರೆದಿದ್ದೇನೆ. ಹಿಂಜ್ ಈಗ "ತೊಡೆಸಂದಿನ ಮಡಿಕೆ". ಮೀನಖಂಡವನ್ನು ಮಾತ್ರ ಮುಟ್ಟಿಲ್ಲ. ಅಲ್ಲಿನ ಸ್ನಾಯುವಿಗಿರುವ ಗ್ಯಾಸ್ಟ್ರೊಕ್ನೀಮಿಯಸ್ ಎಂಬ ಗ್ರೀಕ್ ಮೂಲದ ಹೆಸರಿಗೆ ಕಾಲಿನ ಹೊಟ್ಟೆ ಎಂದರ್ಥ. ಹೊಟ್ಟೆಗಿಂತ ನಮ್ಮ ಮೀನೇ ಚೆಂದ.

ಮುಂದಿನ ಪಟ ಭುಜದ್ದು. ನೊಗ ಹೊರುವುದು ಹೆಗಲು, ಅದು ಟ್ರಪೀಜಿಯಸ್. ಭುಜ ಅದರ ಹೊರಗೆ, ಡೆಲ್ಟಾಯ್ಡ್. ಈ ಎರಡನ್ನು ಕನ್ನಡ ಎಷ್ಟು ಸೊಗಸಾಗಿ ಬೇರ್ಪಡಿಸಿದೆ! ಇಂಗ್ಲಿಷಿನಲ್ಲಿ ಎರಡಕ್ಕೂ ಶೋಲ್ಡರ್ ಎಂದುಬಿಡುತ್ತಾರೆ. ಪುಲ್‌ಅಪ್ ಸರಳಿಗೆ ಜೋತುಬಿದ್ದವರಿಗೆ "ಹೆಗಲು ಇಳಿಸಿ" ಎಂದರೆ ಸಾಕಾಗಬಹುದು ಎಂಬ ಆಸೆ ನನ್ನದು. ಸರಳಿಗೆ ಪೈಪ್ ನೋಡಿಟ್ಟಿದ್ದೇನೆ.

ಈ ಪಟವನ್ನು ಮೊದಲ ಸಲ ಅಚ್ಚಿಗೆ ಕೊಟ್ಟಾಗ ಮುದ್ರಣದ ಅಂಗಡಿಯ ಹಳೆಯ ತಂತ್ರಾಂಶ ಯೂನಿಕೋಡ್ ಅಕ್ಷರಗಳನ್ನು ಓದದೆ, ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ "ಸ್ನಾಯು" ಗುರುತೇ ಸಿಗದಂತಾಗಿ ಬಂದಿತ್ತು. 350 ರೂಪಾಯಿ ನೀರುಪಾಲು. ಈ ಸಲ ಅಕ್ಷರಗಳನ್ನೂ ಚಿತ್ರವಾಗಿಯೇ ಉಳಿಸಿ ಕೊಟ್ಟಿದ್ದೇನೆ. ಶುಕ್ರವಾರ ಕೊಡುತ್ತಾರಂತೆ.