ಮೊಂಜುಯಿಕ್ ಗುಡ್ಡ: ರೇಸ್ ಕಾರುಗಳು ಓಡಿದ ದಾರಿಯನ್ನು ನಡೆದೇ ನೋಡಿ

ಬಾರ್ಸಿಲೋನಾಕ್ಕೆ ಹೋದವರು ಮೊಂಜುಯಿಕ್ ಗುಡ್ಡವನ್ನು ಬಿಡುವುದಿಲ್ಲ. ಆದರೆ ಹೆಚ್ಚಿನವರು ತುದಿಯ ಕೋಟೆಯಲ್ಲಿ ಬಂದರಿನ ಚಿತ್ರ ತೆಗೆದು, ತಪ್ಪಲಿನ ಕಾರಂಜಿ ನೋಡಿ ಹಿಂದಿರುಗುತ್ತಾರೆ. ಈ ಎರಡರ ನಡುವೆ ಉದ್ಯಾನವನ್ನು ಸುತ್ತುವ ರಸ್ತೆಗಳಲ್ಲೇ 1969, 1971, 1973 ಮತ್ತು 1975ರಲ್ಲಿ ಫಾರ್ಮುಲಾ ಒನ್ ರೇಸ್ ನಡೆದಿತ್ತು. 1930ರ ದಶಕದಲ್ಲೂ ಇಲ್ಲಿ ಕಾರುಗಳು ಓಡಿದ್ದವು. 1936ರಲ್ಲಿ ಗೆದ್ದವನು ಇಟಲಿಯ ನುವೊಲಾರಿ. ಒಂದು ಸುತ್ತು ನಾಲ್ಕು ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ. ಅದಕ್ಕೆ ಟಿಕೆಟ್ ಬೇಕಿಲ್ಲ, ಗಟ್ಟಿ ಚಪ್ಪಲಿ ಅಥವಾ ಶೂ ಸಾಕು. ಈ ಗುಡ್ಡಕ್ಕೆ ಅರ್ಧ ದಿನವನ್ನಾದರೂ ಇಡಿ.

ಮೇಲೇರಲು ಪರಾಲೆಲ್ ಮೆಟ್ರೊ ನಿಲ್ದಾಣದಿಂದ ಹೊರಡುವ, ಕಬ್ಬಿಣದ ಹಗ್ಗ ಎಳೆಯುವ ಪುಟ್ಟ ರೈಲು ಒಳ್ಳೆಯದು. ಮೆಟ್ರೊ ಟಿಕೆಟಿನಲ್ಲೇ ಅದೂ ಸೇರುತ್ತದೆ. ಅಲ್ಲಿಂದ ಕೋಟೆಗೆ ಹೋಗುವ ಕೇಬಲ್ ಕಾರಿಗೆ ಬೇರೆ ಹಣ ಕೊಡಬೇಕು, ಅದು ದುಬಾರಿ. ರೈಲಿನಿಂದ ಇಳಿದವರು ಕೋಟೆಯನ್ನು ಆಮೇಲಿಗೆ ಬಿಟ್ಟು, ಮಿರೊ ಕಲಾ ಸಂಗ್ರಹಾಲಯವನ್ನು ದಾಟಿ ಒಲಿಂಪಿಕ್ ಕ್ರೀಡಾಂಗಣಕ್ಕೆ ನಡೆಯಿರಿ. 1929ರ ಅಂತರರಾಷ್ಟ್ರೀಯ ಪ್ರದರ್ಶನಕ್ಕೆಂದು ಕಟ್ಟಿದ ಇದನ್ನು 1992ರ ಒಲಿಂಪಿಕ್ಸ್‌ಗಾಗಿ ಹೊಸದಾಗಿ ಸಜ್ಜುಗೊಳಿಸಿದರು.

ಕ್ರೀಡಾಂಗಣದ ಮುಂದಿನ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ರಸ್ತೆ ಮೆಲ್ಲಗೆ ಏರಿ ಮತ್ತೆ ಇಳಿಯುತ್ತದೆ. ನಡೆಯುವವರಿಗೆ ಇದು ಏನೂ ಅಲ್ಲ, ಆದರೆ ರೇಸ್ ಕಾರು ಈ ಉಬ್ಬನ್ನು ದಾಟುವಾಗ ಹಗುರಾಗಿ ಎದ್ದೇಳುತ್ತಿತ್ತು. 1969ರಲ್ಲಿ ಚಾಲಕರಾದ ಗ್ರಹಾಂ ಹಿಲ್ ಮತ್ತು ಯೋಹೆನ್ ರಿಂಟ್ ಇಬ್ಬರ ಕಾರುಗಳ ಎತ್ತರದ ರೆಕ್ಕೆಗಳೂ (ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತಿಹಿಡಿಯುವ ಪಟ್ಟಿಗಳು) ಇಲ್ಲೇ ಮುರಿದವು. ಅಂಥ ರೆಕ್ಕೆಗಳನ್ನು ಮುಂದಿನ ಮೊನಾಕೊ ರೇಸಿನಲ್ಲೇ ನಿಷೇಧಿಸಲಾಯಿತು. 1975ರಲ್ಲಿ ರಸ್ತೆಬದಿಯ ಲೋಹದ ತಡೆಗೋಡೆಗಳ ಬೋಲ್ಟುಗಳು ಸಡಿಲವಾಗಿರುವುದನ್ನು ಕಂಡ ಚಾಲಕರು ಅಭ್ಯಾಸಕ್ಕೆ ಇಳಿಯಲು ಒಪ್ಪಲಿಲ್ಲ. ತಂಡಗಳ ಮೆಕ್ಯಾನಿಕ್‌ಗಳೇ ಬಿಗಿ ಮಾಡಬೇಕಾಯಿತು. ವಿಶ್ವ ಚಾಂಪಿಯನ್ ಫಿಟ್ಟಿಪಾಲ್ಡಿ ಪ್ರತಿಭಟಿಸಿ ಹಿಂದೆ ಸರಿದ. ರೇಸಿನಲ್ಲಿ ಮುಂದಿದ್ದ ಸ್ಟೊಮೆಲೆನ್‌ನ ಕಾರಿನ ಹಿಂಬದಿಯ ರೆಕ್ಕೆ ಕಿತ್ತುಹೋಗಿ, ಕಾರು ತಡೆಗೋಡೆಯಾಚೆ ಹಾರಿತು. ಅಲ್ಲಿದ್ದ ಕೆಲವರು ಪ್ರಾಣ ಕಳೆದುಕೊಂಡರು. ರೇಸನ್ನು ಅರ್ಧಕ್ಕೂ ಮೊದಲೇ ನಿಲ್ಲಿಸಿ, ಪ್ರತಿ ಸ್ಥಾನಕ್ಕೂ ಮಾಮೂಲಿ ಅಂಕದ ಅರ್ಧ ಮಾತ್ರ ಕೊಟ್ಟರು. ಆರನೆಯ ಸ್ಥಾನದ ಅರ್ಧ ಅಂಕ ಇಟಲಿಯ ಲೆಲ್ಲಾ ಲೊಂಬಾರ್ಡಿಗೆ ಸಿಕ್ಕಿತು. ಫಾರ್ಮುಲಾ ಒನ್ ಚಾಂಪಿಯನ್‌ಶಿಪ್‌ನಲ್ಲಿ ಅಂಕ ಗಳಿಸಿದ ಮಹಿಳೆ ಈವರೆಗೆ ಆಕೆಯೊಬ್ಬಳೇ. ಆ ಸಾಧನೆ ಇಂಥ ದಿನದಲ್ಲಿ ದಾಖಲಾಯಿತಲ್ಲ ಎಂದು ಇಂದಿಗೂ ಸಂಕಟವಾಗುತ್ತದೆ. ಫಾರ್ಮುಲಾ ಒನ್ ಮತ್ತೆ ಈ ಗುಡ್ಡಕ್ಕೆ ಬರಲಿಲ್ಲ.

ಇಲ್ಲಿಂದ ಕಾರುಗಳು ಓಡಿದ ದಿಕ್ಕಿನಲ್ಲೇ ನಡೆಯಿರಿ. ಮಿರೊ ಸಂಗ್ರಹಾಲಯದ ಆಸುಪಾಸಿನಲ್ಲಿ ರಸ್ತೆ ಎಡಕ್ಕೆ ಮಡಚಿಕೊಂಡು, ಮರಗಳ ನಡುವೆ ತಿರುವಿನ ಮೇಲೆ ತಿರುವು ಪಡೆಯುತ್ತಾ ಇಳಿಯುತ್ತದೆ. ಎರಡೂ ಬದಿ ಇಷ್ಟು ಇಕ್ಕಟ್ಟಾಗಿರುವಾಗ ತಡೆಗೋಡೆಯ ಒಂದು ಬೋಲ್ಟಿಗೂ ಚಾಲಕರು ಏಕೆ ಹಟ ಹಿಡಿದರೆಂಬುದು ಕಾಲಿಗೇ ತಿಳಿಯುತ್ತದೆ. ಲರಿಬಾಲ್ ಉದ್ಯಾನದ ಮೆಟ್ಟಿಲುಗಳೂ ಗ್ರೀಕ್ ಬಯಲು ರಂಗಮಂದಿರದ ಹೂತೋಟವೂ ಈ ಇಳಿಜಾರಿನಲ್ಲೇ ಇವೆ. ದಣಿವಾರಿಸಿಕೊಳ್ಳಲು ನನಗೆ ಅತ್ಯಂತ ಹಿಡಿಸಿದ ಜಾಗ ಆ ಹೂತೋಟ.

ತಪ್ಪಲು ತಲುಪಿದ ಮೇಲೆ ಕಾರಂಜಿಯ ಮುಂದೆ ಹಾದು, ಸ್ಪೇನಿನ ನಾನಾ ಪ್ರಾಂತ್ಯಗಳ ಮನೆಗಳ ಮಾದರಿಯಿರುವ ಪೋಬ್ಲೆ ಎಸ್ಪಾನ್ಯೋಲ್ ಬದಿಯಿಂದ ಮತ್ತೆ ಮೇಲಕ್ಕೆ ಏರಬೇಕು. ಈ ಏರು ಉಸಿರು ಕಟ್ಟಿಸುತ್ತದೆ. ಜುಲೈ, ಆಗಸ್ಟ್ ತಿಂಗಳಲ್ಲಿ ಹೋಗುವವರು ಬೆಳಿಗ್ಗೆಯೇ ಹೊರಡಿ, ನೀರು ಜೊತೆಯಲ್ಲಿರಲಿ. ರಸ್ತೆಯಲ್ಲಿ ವಾಹನಗಳು ಓಡಾಡುವುದರಿಂದ ಚಿತ್ರ ತೆಗೆಯುವ ಭರದಲ್ಲಿ ಕಾಲುದಾರಿ ಬಿಟ್ಟಿಳಿಯಬೇಡಿ.

ಸಸ್ಯಾಹಾರಿಗಳಿಗೆ ಟೊಮೆಟೊ ಉಜ್ಜಿದ ಬ್ರೆಡ್ಡು ಎಲ್ಲೆಡೆ ಸಿಗುತ್ತದೆ. ತೊರ್ತಿಯಾ ಕೇಳಿದರೆ ಮೊಟ್ಟೆಯದು ಬರುತ್ತದೆ, ನೆನಪಿರಲಿ. ತಪ್ಪಲಿನ ಎಸ್ಪಾನ್ಯಾ ಮೆಟ್ರೊ ನಿಲ್ದಾಣದ ನೂಕುನುಗ್ಗಲಿನಲ್ಲಿ ಕಿಸೆಗಳ್ಳರಿದ್ದಾರೆ. ಚೀಲ ಮುಂದೆ ಹಾಕಿಕೊಳ್ಳಿ. ಶನಿವಾರ ಹೋಗುವುದಾದರೆ ಮಧ್ಯಾಹ್ನ ಮೂರರ ನಂತರ ಕಾರಂಜಿಯ ಮೇಲಿನ ರಾಷ್ಟ್ರೀಯ ಕಲಾ ಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ವಯಸ್ಸಾದವರು ಜೊತೆಗಿದ್ದರೆ ಸುತ್ತಿನಲ್ಲಿ ಇಳಿಯುವ ಅರ್ಧವನ್ನಷ್ಟೇ ನಡೆದು, ಎಸ್ಪಾನ್ಯಾ ಚೌಕದಿಂದ 150ನೇ ಸಂಖ್ಯೆಯ ಬಸ್ಸಿನಲ್ಲಿ ಕೋಟೆಗೆ ಹೋಗಿ.